ಸದ್ಯಕ್ಕೆ ಹೀಗಿರಲಿ ಎಂದ ತಾತನವರಿಗೆ

ಮೇಲ್ಪಾಳ್ಯ, ಅರಸೀಕೆರೆ ಜಂಕ್ಷನ್
ಮರುಬೇಸಿಗೆ ಮಾಸದ ಮೂವತ್ತನಾಲ್ಕನೆಯ ತಾರೀಖು, ೨೧೯೪

ನಮ್ಮ ತಾತನ ತಾತನ ತಂದೆಯವರಾದ ಶ್ರೀ ಪಂಚಾಕ್ಷರಿಯವರ ಸನ್ನಿಧಿಗೆ, ಅದೇ ಮನೆಯ ಮುರಿಗೆಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಮಸ್ಕಾರ ಇಲ್ಲಿಗೆ ಮುಗಿಯಿತು. ಇನ್ನು ಮುಂದಿರುವುದೆಲ್ಲ ಜಗಳ.

ಮೊದಲು ತಾರೀಖಿನ ವಿಚಾರ. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಂಥ ತಿಂಗಳು ಇಲ್ಲ, ಯಾವ ತಿಂಗಳಿಗೂ ಮೂವತ್ತನಾಲ್ಕು ದಿನಗಳಿಲ್ಲ ಎಂಬುದು ನನಗೆ ಗೊತ್ತು. ಬೇಸಿಗೆ ತನ್ನ ಪಾಲಿನ ತಿಂಗಳುಗಳಲ್ಲಿ ಹಿಡಿಸದೆ ಹೊರಗೆ ಚೆಲ್ಲತೊಡಗಿದಾಗ ಸರ್ಕಾರ ಉಳಿದ ತಿಂಗಳುಗಳಿಂದ ಚೂರುಪಾರು ದಿನಗಳನ್ನು ಕಿತ್ತು ಒಟ್ಟುಮಾಡಿ, ಅದಕ್ಕೆ ಮರುಬೇಸಿಗೆ ಎಂದು ಹೆಸರಿಟ್ಟು ಕೈತೊಳೆದುಕೊಂಡಿತು. ಈ ಬಿಸಿಲಿಗಾಗಿ ನಿಮ್ಮ ಕಾಲದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯಬೇಕಿತ್ತು. ಆದರೆ ಆ ಕೆಲಸವನ್ನು ನಮ್ಮಲ್ಲಿ ಬೇರೆಯವರು ಹಂಚಿಕೊಂಡಿದ್ದಾರೆ. ನನ್ನ ದೂರು ನಿಮ್ಮೊಬ್ಬರ ಮೇಲೆ ಮಾತ್ರ.

ಇನ್ನು ಮಾತಿನ ವಿಚಾರ. ನಾನು ಹಳಗನ್ನಡದಲ್ಲಿ, ಅಂದರೆ ನಿಮ್ಮ ಕನ್ನಡದಲ್ಲಿ, ಬರೆಯಲು ಆದಷ್ಟು ಪ್ರಯತ್ನಿಸಿದ್ದೇನೆ. ಆದರೂ ನಡುನಡುವೆ ನಮ್ಮ ಕಾಲದ ಪದಗಳು ನುಸುಳಿದರೆ ಕ್ಷಮಿಸಬೇಕು, ಅಲ್ಲಲ್ಲೇ ಅರ್ಥ ಹೇಳುತ್ತಾ ಹೋಗುತ್ತೇನೆ. ಈ ಪತ್ರ ಬರುತ್ತಿರುವುದು ಹಿಂದಂಚೆಯ ಮೂಲಕ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಮುಟ್ಟಿಸುವ ವ್ಯವಸ್ಥೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ ಅವಕಾಶ. ಜಮೀನು ಕೊಂಡಿಟ್ಟುಕೊಳ್ಳಿ, ಇಂಥವರಿಗೆ ಓಟು ಹಾಕಬೇಡಿ ಮುಂತಾದ ಸಲಹೆಗಳನ್ನು ಅವರೇ ಕತ್ತರಿಸಿ ಹಾಕುತ್ತಾರೆ, ಬೈಗುಳಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಪತ್ರ ನಿಮ್ಮ ಮೊಬೈಲಿಗೆ ಬರುತ್ತದೆಯಂತೆ. ದಯವಿಟ್ಟು ಬ್ಯಾಂಕಿನ ಜಾಹೀರಾತು ಎಂದುಕೊಂಡು ಅಳಿಸಬೇಡಿ.

ದೊಡ್ಡವರಿಗೆ ಹೀಗೆಲ್ಲ ಬರೆಯಬಹುದೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿದೆ. ಇದನ್ನು ಓದುವಾಗ ನಿಮಗೆ ಮೂವತ್ತೆಂಟು. ಬರೆಯುತ್ತಿರುವ ನನಗೆ ಐವತ್ತೊಂದು. ವಂಶದಲ್ಲಿ ನೀವು ದೊಡ್ಡವರಿರಬಹುದು, ವಯಸ್ಸಿನಲ್ಲಿ ನಾನೇ ಅಕ್ಕ. ಆದ್ದರಿಂದ ಕೈಕಟ್ಟಿಕೊಂಡು ಕೇಳಿ.

ತಿಪಟೂರಿನ ಗುಜರಿ ಅಂಗಡಿಯಿಂದ ನೀವು ಹೊತ್ತು ತಂದ ಆ ಕಂಪ್ಯೂಟರು ನೀವು ಹುಟ್ಟುವುದಕ್ಕೂ ಮುಂಚಿನ ಮಾಲು. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಯಂತ್ರ. ಟಿವಿಗೆ ಸಿಕ್ಕಿಸಿದರೆ ಅಕ್ಷರ ಮೂಡುತ್ತದೆ, ಕ್ಯಾಸೆಟ್ಟು ಹಾಕಿದರೆ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚಿ ಪ್ರೋಗ್ರಾಂ ಓದಿಕೊಳ್ಳುತ್ತದೆ. ಪಾಪದ ಪ್ರಾಣಿ. ಅದಕ್ಕೆ ಲೋಕದಲ್ಲಿ ಯಾರ ಪರಿಚಯವೂ ಇರಲಿಲ್ಲ, ಯಾರ ಪರಿಚಯ ಬೇಕೆಂದೂ ಅದು ಕೇಳಿರಲಿಲ್ಲ. ನಿಮಗೆ ತಡೆಯಲಿಲ್ಲ. ಹೆಬ್ಬೆರಳಿನಷ್ಟು ದೊಡ್ಡ ವೈಫೈ ಕಾರ್ಡೊಂದನ್ನು ತರಿಸಿ, ಬೆಸುಗೆ ಹಾಕಿ, ಯಂತ್ರದ ಹಿಂಬದಿಗೆ ಸಿಕ್ಕಿಸಿದಿರಿ. ಆ ಕಾರ್ಡು ತಾನೊಂದು ಹಳೇ ಕಾಲದ ಟೆಲಿಫೋನು ಎಂದು ನಟಿಸುತ್ತಿತ್ತು. ಯಂತ್ರ ಅದನ್ನು ನಂಬಿ ನಂಬರು ತಿರುಗಿಸುತ್ತಿತ್ತು. ಕಾರ್ಡಿನ ಬುದ್ಧಿ ಯಂತ್ರದ ಬುದ್ಧಿಯ ಸಾವಿರ ಪಟ್ಟು. ಇದು ಹೇಗಾಯಿತೆಂದರೆ ಸೈಕಲ್ಲಿನ ಕ್ಯಾರಿಯರ್ ಮೇಲೆ ರೈಲಿನ ಇಂಜಿನ್ನು ಕೂರಿಸಿಕೊಂಡು, ಪೆಡಲ್ ಮಾತ್ರ ತಾವೇ ತುಳಿದಂತೆ. ಇದನ್ನು ನೀವು ಸಾಧನೆ ಎಂದಿರಿ. ನಿಮ್ಮ ಹಳೇ ಕಂಪ್ಯೂಟರ್ ಬಳಗದಲ್ಲಿ ಫೋಟೊ ಹಾಕಿದಿರಿ, ಬಳಗದವರೆಲ್ಲ ಹೆಬ್ಬೆರಳು ಎತ್ತಿದರು. ಒಬ್ಬರಾದರೂ, ಇದರಿಂದ ಏನು ಉಪಯೋಗ ಸ್ವಾಮಿ ಎಂದು ಕೇಳಿದರೇ?

ನೀವೂ ಕೇಳಿಕೊಳ್ಳಲಿಲ್ಲ. ಎಲ್ಲ ಸಿಕ್ಕಿಸಿ ಆದ ಮೇಲೆ ನಿಮಗೆ ಹೊಳೆಯಿತು: ಯಾರ ಹತ್ತಿರ ಮಾತಾಡುವುದು? ನಿಮ್ಮ ಕಾಲದ ಒಂದೇ ಒಂದು ಫೋಟೊ ಕೂಡ ಅದರ ಹೊಟ್ಟೆಗೆ ಹಿಡಿಸದು. ಇಡೀ ಭೂಮಂಡಲದಲ್ಲಿ ಅದರ ಜೊತೆ ಸರಿಸಮನಾಗಿ ಕೂತು ಮಾತಾಡಬಲ್ಲ ಪ್ರಾಣಿ ಇದ್ದದ್ದು ಹರಿಹರದಲ್ಲಿ, ನಿಮ್ಮ ಬಳಗದ ಗೆಳೆಯ ಕೊಟ್ರಪ್ಪನವರ ಮನೆಯಲ್ಲಿದ್ದ ಅಂಥದೇ ಇನ್ನೊಂದು ಪೆಟ್ಟಿಗೆ. ಸರಿ, ಮಾತು ಏನು? ಅದೂ ಹೊಳೆಯದೆ, ನಮ್ಮವರಿಗೆ ಮಾತು ಸಿಗದಿದ್ದಾಗ ಬಾಯಿಗೆ ಬರುವ ಮೊದಲ ಪ್ರಶ್ನೆಯನ್ನೇ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಒತ್ತಿಬಿಟ್ಟಿರಿ. ಪ್ರತಿ ದಿನ ಮಧ್ಯಾಹ್ನ ಒಂದೂವರೆಗೆ ನಮ್ಮ ಪೆಟ್ಟಿಗೆ "ಊಟ ಆಯ್ತಾ?" ಅನ್ನಬೇಕು. ಹರಿಹರದ ಪೆಟ್ಟಿಗೆ "ಆಯ್ತು" ಅನ್ನಬೇಕು. ನಮ್ಮದು "ನಮ್ದೂ ಆಯ್ತು, ನಾಳೆ ಮಾತಾಡೋಣ" ಎಂದು ಸುಮ್ಮನಾಗಬೇಕು. ಅರ್ಥವಾಗದ ಉತ್ತರ ಬಂದರೆ ಮತ್ತೆ "ಊಟ ಆಯ್ತಾ?" ಇದು ಪರೀಕ್ಷೆಗೆ ಅಂತ ಬರೆದದ್ದು. ಇದನ್ನು ಯಾವಾಗ ನಿಲ್ಲಿಸಬೇಕು, ಹೇಗೆ ನಿಲ್ಲಿಸಬೇಕು ಎಂಬುದನ್ನು ನೀವು ಬರೆಯಲೇ ಇಲ್ಲ. ಮುಚ್ಚಳವನ್ನೂ ಹಾಕಲಿಲ್ಲ. ಕಾರ್ಡು ಬೀಳದಿರಲೆಂದು ರಬ್ಬರ್ ಬ್ಯಾಂಡು ಸುತ್ತಿ, ಮೇಲೆ ಒಂದು ಚೀಟಿ ಅಂಟಿಸಿದಿರಿ: ಸದ್ಯಕ್ಕೆ ಹೀಗಿರಲಿ.

ತಾತ, ನಿಮ್ಮ ಸದ್ಯಕ್ಕೆ ಇನ್ನೂ ಮುಗಿದಿಲ್ಲ.

ಆರಿಸಬಹುದಿತ್ತಲ್ಲ ಎಂದೀರಿ. ಯಾರು ಆರಿಸುವುದು? ನೀವು ಹೋದ ಮೇಲೆ ನಿಮ್ಮ ಮಗಳು ಆರಿಸಹೋದಳಂತೆ. ಅಷ್ಟರಲ್ಲಿ, ಪಾಪ ಹರಿಹರದವರು ಏನಾಯ್ತೋ ಅಂತ ಗಾಬರಿಯಾಗ್ತಾರೆ ಎಂದುಕೊಂಡು ಬಿಟ್ಟಳು. ಹರಿಹರದಲ್ಲಿ ಕೊಟ್ರಪ್ಪನವರ ಸೊಸೆಯೂ ಅರಸೀಕೆರೆಯವರಿಗೆ ಬೇಜಾರಾದೀತು ಎಂದುಕೊಂಡು ಬಿಟ್ಟಳು. ಹೀಗೆ ಎರಡು ಮನೆಗಳು ಒಬ್ಬರ ಮುಖ ಒಬ್ಬರು ನೋಡದೆ, ಒಬ್ಬರ ದಾಕ್ಷಿಣ್ಯಕ್ಕೆ ಒಬ್ಬರು ಬಿದ್ದು, ತಲೆಮಾರುಗಳ ಕಾಲ ಕರೆಂಟು ಉರಿಸಿದವು. ವೈಫೈ ಕಾಲ ಮುಗಿದು ಬೇರೆ ಜಾಲ ಬಂದಾಗ ಕಾರ್ಡಿನ ಬಾಲಕ್ಕೆ ಇನ್ನೊಂದು ಕಾರ್ಡು ಸಿಕ್ಕಿಸಿದರು. ಅದು ಹಳತಾದಾಗ ಅದರ ಬಾಲಕ್ಕೆ ಮತ್ತೊಂದು. ಈಗ ಆ ಬಾಲ ನಡುಮನೆ ದಾಟಿ ಅಡುಗೆಮನೆಯ ಹೊಸಿಲಿಗೆ ಬಂದಿದೆ. ಪ್ರತಿಯೊಂದು ಕಾರ್ಡೂ ಹಿಂದಿನದಕ್ಕೆ ತಾನು ಬೇರೇನೋ ಎಂದು ಸುಳ್ಳು ಹೇಳುತ್ತದೆ, ಪ್ರತಿಯೊಂದಕ್ಕೂ ರಬ್ಬರ್ ಬ್ಯಾಂಡಿದೆ, ಪ್ರತಿಯೊಂದರ ಮೇಲೂ ಆಯಾ ತಲೆಮಾರಿನವರ ಕೈಬರಹದಲ್ಲಿ ಸದ್ಯಕ್ಕೆ ಎಂಬ ಚೀಟಿ ಇದೆ. ಈ ಸುಳ್ಳಿನ ಸರಪಳಿಯ ತುದಿಯಲ್ಲಿ ಕೂತಿರುವ ನಿಮ್ಮ ಮುದಿ ಪೆಟ್ಟಿಗೆ ಮಾತ್ರ ತಾನಿನ್ನೂ ಟೆಲಿಫೋನಿನಲ್ಲೇ ಮಾತಾಡುತ್ತಿದ್ದೇನೆ ಎಂದು ತಿಳಿದಿದೆ.

ಇಷ್ಟೇ ಆಗಿದ್ದರೆ ನಾನು ಜನ್ಮದ ಒಂದೇ ಪತ್ರವನ್ನು ನಿಮ್ಮ ಮೇಲೆ ಹಾಳುಮಾಡುತ್ತಿರಲಿಲ್ಲ. ಮುಂದೆ ಕೇಳಿ.

ನಮ್ಮ ಕಾಲದಲ್ಲಿ ಉಲಿಗಗಳಿವೆ. ಉಲಿಗ ಎಂದರೆ ಜಾಲಕ್ಕೆ ಸಿಕ್ಕಿಕೊಂಡು ಮಾತು ಕಲಿತ ಸಾಮಾನು. ನಿಮ್ಮ ಕಾಲದವರು ಸ್ಮಾರ್ಟ್ ಎಂದು ಮೆರೆಸಿದ ವಸ್ತುಗಳ ಮರಿಮಕ್ಕಳು. ಬೆಳಗ್ಗೆ ಎದ್ದರೆ ಮಂಚ ಕೇಳುತ್ತದೆ, ನಿದ್ದೆ ಬಂತಾ? ಬಂತು ಅಂದರೂ ಬಿಡದೆ ಹೊಸ ಹಾಸಿಗೆ ತೋರಿಸುತ್ತದೆ. ನೀರಿನ ಹಂಡೆ, ಬಿಸಿ ಸಾಕಾ ಎಂದು ಕೇಳಿ ಸೋಪಿನ ಮಾತೆತ್ತುತ್ತದೆ. ಕಾಯಿತುರಿಯುವ ಮಣೆ ಈ ವಾರ ಕೊಬ್ಬರಿ ಜಾಸ್ತಿಯಾಯಿತು ಎಂದು ಡಾಕ್ಟರಿಗೆ ಚಾಡಿ ಹೇಳುತ್ತದೆ. ಕುಕ್ಕರು ಕೂಗುವ ಮುಂಚೆ, ಕೂಗಲೇ ಎಂದು ಒಪ್ಪಿಗೆ ಕೇಳಿ, ನಾವು ಹೂಂ ಅನ್ನುವಷ್ಟರಲ್ಲಿ ಬೇಳೆ ಸೀಯಿಸುತ್ತದೆ. ಒಂದು ಕಾಲದಲ್ಲಿ ಈ ಉಲಿಗಗಳು ಎಷ್ಟು ನಯವಾಗಿ ಮಾತಾಡತೊಡಗಿದವೆಂದರೆ ಯಾರು ಮನುಷ್ಯರು, ಯಾವುದು ಇಸ್ತ್ರಿಪೆಟ್ಟಿಗೆ ಎಂದು ಗಣತಿ ಕಚೇರಿಗೆ ತಿಳಿಯದೆ ಹೋಯಿತು. ಆಗ ದೊಡ್ಡ ದೊಡ್ಡವರು ಕೂತು ಒಂದು ಪರೀಕ್ಷೆ ಕಂಡುಹಿಡಿದರು. ಅದರ ಹೆಸರು ಬರಿಗುಶಲ. ಅಂದರೆ, ಏನನ್ನೂ ಮಾರುವ ಉದ್ದೇಶವಿಲ್ಲದೆ, ಬರಿದೇ ಇನ್ನೊಬ್ಬರ ಕುಶಲ ವಿಚಾರಿಸುವುದು. ಉತ್ತರ ಯಾರು ಬೇಕಾದರೂ ಕೊಟ್ಟಾರು. ಲಾಭವಿಲ್ಲದ ಪ್ರಶ್ನೆ ಕೇಳುವವನು ಮನುಷ್ಯನೇ ಇರಬೇಕು ಎಂದು ತೀರ್ಮಾನವಾಯಿತು.

ನಾಡಿನ ಉದ್ದಗಲಕ್ಕೂ ಬಲೆ ಬೀಸಿ ಹುಡುಕಿದಾಗ, ಯಾರು ಸಿಕ್ಕಿರಬಹುದು ಹೇಳಿ? ಅರಸೀಕೆರೆಯ ಮೇಲ್ಪಾಳ್ಯದಿಂದ ಒಬ್ಬರು ದಿನಾ ಊಟ ಆಯ್ತಾ ಎಂದು ಕೇಳುತ್ತಾರೆ, ಆದ ಮೇಲೆ ಉಪ್ಪಿನಕಾಯಿ ಕೂಡ ಮಾರುವುದಿಲ್ಲ! ಕಚೇರಿಯವರು ಕಣ್ಣೊರೆಸಿಕೊಂಡು ನಿಮ್ಮನ್ನು ಜೀವಂತರ ಸಾಲಿಗೆ ಸೇರಿಸಿದರು. ಹಾಗಾಗಿ ನೀವು, ಪಂಚಾಕ್ಷರಿಯವರು, ಸತ್ತು ನೂರು ವರ್ಷದ ಮೇಲಾಗಿದ್ದರೂ ಸರ್ಕಾರದ ಕಣ್ಣಿನಲ್ಲಿ ಬದುಕಿದ್ದೀರಿ. ಆರೋಗ್ಯವಾಗಿದ್ದೀರಿ. ನಿಮ್ಮ ಜೀರ್ಣಶಕ್ತಿಯ ಬಗ್ಗೆ ಒಂದು ಪ್ರಬಂಧವೇ ಬಂದಿದೆ.

ಇದರ ಬೆನ್ನಿಗೇ ಬಂತು ಹಿರಿಯರ ಕಾಯ್ದೆ. ವಯಸ್ಸಾದವರನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂಬ ಕೂಗೆದ್ದು, ಮನೆಯ ಅತಿ ಹಿರಿಯ ಜೀವದ ಒಪ್ಪಿಗೆ ಇಲ್ಲದೆ ಗೋಡೆ ಒಡೆಯಬಾರದು, ಮಗುವಿಗೆ ಹೆಸರಿಡಬಾರದು, ಮದುವೆ ಮಾಡಬಾರದು ಎಂದು ಕಾನೂನಾಯಿತು. ಬೇರೆ ಮನೆಗಳಲ್ಲಿ ಅಜ್ಜಿಯ ಕೈಗೆ ಎಲೆ ಅಡಿಕೆ ಕೊಟ್ಟು ಹೂಂ ಅನ್ನಿಸುತ್ತಾರೆ. ನಮ್ಮ ಮನೆಯಲ್ಲಿ ನಾವು ಹೋಗಿ ಟಿವಿ ಮುಂದೆ ನಿಂತು ಟೈಪು ಮಾಡಬೇಕು. ನನ್ನ ತಮ್ಮನ ಮಗುವಿಗೆ ಹೆಸರಿಡಬೇಕೆಂದು ಕೇಳಿಕೊಂಡೆವು. ನೀವು "ಊಟ ಆಯ್ತಾ?" ಅಂದಿರಿ. ಹಿರಿಯರು ಕೇಳಿದಾಗ ಉತ್ತರ ಕೊಡಬೇಡವೇ? "ಆಯ್ತು" ಅಂದೆವು. "ನಮ್ದೂ ಆಯ್ತು, ನಾಳೆ ಮಾತಾಡೋಣ" ಅಂದಿರಿ. ಕಚೇರಿಯವರು, ಹಿರಿಯರು ವಿಷಯವನ್ನು ನಾಳೆಗೆ ಮುಂದೂಡಿದ್ದಾರೆ ಎಂದರು. ಮಾರನೆಯ ದಿನ ಮತ್ತೆ ಅದೇ. ಆ ಮಗು ಈಗ ಕಾಲೇಜಿಗೆ ಹೋಗುತ್ತಿದೆ, ಹಾಜರಿ ಕರೆಯುವಾಗ ಅವಳನ್ನು ಇನ್ನೂ ಪಾಪು ಎಂದೇ ಕರೆಯುತ್ತಾರೆ.

ಪೆಟ್ಟಿಗೆ ಬಿಚ್ಚಿ ನಿಮ್ಮ ಪ್ರೋಗ್ರಾಂ ತಿದ್ದೋಣವೆಂದರೆ ಅದಕ್ಕೆ ಮೊದಲು ಓಡುತ್ತಿರುವುದನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಹಿರಿಯರ ಕೊಲೆಯತ್ನ. ಆದ್ದರಿಂದ ಒಳಗೆ ಇನ್ನೇನು ಬರೆದಿದ್ದೀರೋ ನಮಗಾರಿಗೂ ತಿಳಿಯದು.

ಈಗ ನನ್ನ ವಿಚಾರಕ್ಕೆ ಬರುತ್ತೇನೆ. ನಾನು ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲುಗಳು ಬರುವುದು ಹೋಗುವುದನ್ನು ಕೂಗಿ ಹೇಳುವವಳು. ಯಂತ್ರದ ದನಿಯನ್ನು ಜನ ನಂಬದೆ ಹೋದ ಮೇಲೆ ಮನುಷ್ಯರನ್ನು ಇಟ್ಟಿದ್ದಾರೆ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೇಲ್ಪಾಳ್ಯದಲ್ಲಿ ಜಾಲ ಕಡಿದುಹೋಗಿ ನಿಮ್ಮ ಪ್ರಶ್ನೆ ಹರಿಹರಕ್ಕೆ ಮುಟ್ಟಲಿಲ್ಲ. ಮಾರನೆಯ ಬೆಳಗ್ಗೆ ಕೈಯಲ್ಲಿ ಮಂಡಕ್ಕಿ ಪೊಟ್ಟಣ ಹಿಡಿದ ಒಬ್ಬ ಗಂಡಸು ನಮ್ಮ ಬಾಗಿಲಲ್ಲಿ ನಿಂತಿದ್ದ. "ನಿನ್ನೆ ನಿಮ್ಮಜ್ಜ ಊಟ ಆತಾ ಅಂತ ಕೇಳ್ಲೇ ಇಲ್ಲಂತ್ರಿ. ನಮ್ಮವ್ವ ಒಂದ್ ತುತ್ತು ಬಾಯಿಗಿಟ್ಟಿಲ್ಲ. ಹೋಗಿ ನೋಡ್ಕಂಡು ಬಾ ಅಂದ್ಲು." ಅವನೇ ಸೋಮಲಿಂಗ, ಕೊಟ್ರಪ್ಪನವರ ವಂಶದವನು. ಕೆಲಸ ಬಾಯ್ಕಟ್ಟು, ಅಂದರೆ ಹಟಮಾರಿ ಉಲಿಗಗಳ ಬಾಯಿ ಮುಚ್ಚಿಸುವುದು. ಅಜ್ಜ ಕ್ಷೇಮ ಎಂದು ತೋರಿಸಿ ಕಾಫಿ ಕೊಟ್ಟೆ. ಅವನು ಸುಮ್ಮನೆ ಕೂರದೆ ನಮ್ಮ ಕುಕ್ಕರಿನ ಬಾಯಿ ಕಟ್ಟಿ ಹೋದ. ಎಷ್ಟೋ ವರ್ಷದ ಮೇಲೆ ನಮ್ಮ ಮನೆಯ ಬೇಳೆ ಸೀಯದೆ ಬೆಂದಿತು. ತಾತ, ಈ ವಯಸ್ಸಿನಲ್ಲಿ ಇನ್ನೇನು ಬೇಕು? ಅವನೂ ಹೆಂಡತಿಯನ್ನು ಕಳೆದುಕೊಂಡವನು, ನಾನೂ ಕಾಯ್ದೆ ಬರುವ ಮುಂಚೆ ಒಂದು ಮದುವೆ ಮಾಡಿಕೊಂಡು ಬಿಟ್ಟವಳು. ಮದುವೆಯಾಗೋಣ ಎಂದುಕೊಂಡೆವು. ಒಪ್ಪಿಗೆಗೆ ನಿಮ್ಮ ಮುಂದೆ ಬಂದು ನಿಂತೆ. ನೀವು ಏನಂದಿರಿ ಎಂದು ಮತ್ತೆ ಹೇಳಬೇಕೇ? ಮೂರು ವರ್ಷದಿಂದ ನಾಳೆ ಮಾತಾಡುತ್ತಿದ್ದೇವೆ.

ಕೊನೆಗೆ ಸಿಟ್ಟು ತಡೆಯದೆ ಗಣತಿ ಕಚೇರಿಗೆ ದೂರು ಬರೆದೆ. ನಮ್ಮ ಮನೆಯ ಹಿರಿಯರು ಹಿರಿಯರಲ್ಲ, ರಬ್ಬರ್ ಬ್ಯಾಂಡು ಸುತ್ತಿದ ಪೆಟ್ಟಿಗೆ ಎಂದು. ಕಳಿಸಿದ ಮೇಲೆ ಕಾಯ್ದೆ ಪೂರ್ತಿ ಓದಿದೆ. ಮನುಷ್ಯನೆಂದು ನಟಿಸಿದ ಯಂತ್ರವನ್ನು ವೇಷಧಾರಿ ಎನ್ನುತ್ತಾರೆ. ವೇಷಧಾರಿ ಎಂದು ಸಾಬೀತಾದರೆ ಅಲ್ಲಿಯೇ ಜಜ್ಜಿ ಕರಗಿಸಲು ಒಯ್ಯುತ್ತಾರೆ. ಸೋಮಲಿಂಗನ ತಾಯಿ ಗಿರಿಜವ್ವನಿಗೆ ತೊಂಬತ್ತು ದಾಟಿದೆ. ದಿನಾ ಮಧ್ಯಾಹ್ನ ತಟ್ಟೆ ಮುಂದಿಟ್ಟುಕೊಂಡು, ನಿಮ್ಮ ಪ್ರಶ್ನೆ ಬಂದ ಮೇಲೇ ಅವರು ತುತ್ತು ಎತ್ತುವುದು. ನೀವು ಮನುಷ್ಯರೆಂದು ತೀರ್ಮಾನವಾದರೆ ನನಗೆ ಈ ಜನ್ಮದಲ್ಲಿ ಮದುವೆ ಇಲ್ಲ. ಅಲ್ಲವೆಂದಾದರೆ ಆ ಮುದುಕಿಯ ತಟ್ಟೆಯ ಮುಂದೆ ನಾನು ಯಾವ ಮುಖ ಹೊತ್ತು ಸೊಸೆಯಾಗಿ ನಿಲ್ಲಲಿ? ಸೋಮಲಿಂಗ ಬೈಯಲಿಲ್ಲ. "ನೀ ಬರ್ದಿದ್ದು ಸುಳ್ಳಲ್ಲ ಬಿಡು" ಎಂದು ಮಾತ್ರ ಅಂದ. ಬೈದಿದ್ದರೆ ಚೆನ್ನಾಗಿತ್ತು.

ವಿಚಾರಣೆ ಇವತ್ತು. ಅದಕ್ಕೇ ಬೆಳಗ್ಗೆ ಎದ್ದು ಈ ಪತ್ರಕ್ಕೆ ಕೂತೆ. ನನ್ನ ಬೇಡಿಕೆ ದೊಡ್ಡದಲ್ಲ. ಈ ಕಾಗದ ಕಂಡ ಕೂಡಲೇ ಎದ್ದು ಹೋಗಿ ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿ. ಯಾರಾದರೂ ಮದುವೆ ಎಂಬ ಪದ ಒತ್ತಿದರೆ "ಆಗಲಿ" ಅನ್ನಲಿ. ಬೆಸುಗೆಗೆ, ಫೋಟೊಗೆ, ಬಳಗಕ್ಕೆ ಅಷ್ಟೆಲ್ಲ ಸಮಯ ಇದ್ದವರಿಗೆ ಇಷ್ಟು ಆಗದೇ? ಆಗದು ಎಂದರೆ ನಾನು

ಇಲ್ಲಿಗೆ ಬಾಗಿಲು ಬಡಿದರು. ಈಗ ಮುಂದುವರಿಸುತ್ತಿರುವುದು ಎರಡು ದಿನ ಬಿಟ್ಟು.

ಬಂದವರು ಗಣತಿ ಅಧಿಕಾರಿ ಚೂಡಾಮಣಿಯವರು. ಹಾಸನದಿಂದ ಬರಬೇಕಿದ್ದ ಅವರ ರೈಲು ಮೂರು ಗಂಟೆ ತಡ ಎಂದು ಸ್ಟೇಷನ್ನಿನಲ್ಲಿ ಕೂಗಿದವಳು ನನ್ನ ಜೊತೆಗಾತಿಯೇ. ಗಣತಿಯವರ ಬಗ್ಗೆ ಒಂದು ಮಾತು ಹೇಳಬೇಕು. ಕೆಲಸದ ಮೇಲಿರುವಾಗ ಅವರು ಯಾವ ಪ್ರಶ್ನೆಗೂ ಸುಳ್ಳು ಹೇಳುವಂತಿಲ್ಲ, ಹಾಗೆಂದು ಪ್ರಮಾಣ ಮಾಡಿರುತ್ತಾರೆ. ಅದು ಅಭ್ಯಾಸವಾಗಿಬಿಟ್ಟು ಕೆಲಸವಿಲ್ಲದಾಗಲೂ ನಿಜವನ್ನೇ ಹೇಳುತ್ತಾರೆ. ಆದ್ದರಿಂದ ಅವರನ್ನು ಯಾರೂ ಮದುವೆಮನೆಗೆ ಕರೆಯುವುದಿಲ್ಲ. ಆಕೆ ಒಳಗೆ ಬಂದವರೇ ಕಾರ್ಡುಗಳ ಬಾಲವನ್ನು ದಾಟಿ, "ಇದೇನಮ್ಮ, ಹಾವು ಮಲಗಿದ ಹಾಗೆ" ಎಂದು, ನಿಮ್ಮ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಹರಿಹರದ ಪೆಟ್ಟಿಗೆಯ ಸಂಪರ್ಕವನ್ನು ತಡೆಹಿಡಿದು, ಉತ್ತರ ತಾವೇ ಒತ್ತುವುದು ಪರೀಕ್ಷೆಯ ಕ್ರಮ. ಸೋಮಲಿಂಗ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಹೊರಗೆ ಜಜ್ಜುವ ಗಾಡಿ ಬಂದು ನಿಂತಿತ್ತು. ಗಾಡಿಯೂ ಉಲಿಗವೇ. ಒಳಗೆ ಬರಲೇ ಎಂದು ಎರಡು ಸಲ ಕೇಳಿತು, ಸೋಮಲಿಂಗ ಹೋಗಿ ಅದರ ಬಾಯಿ ಕಟ್ಟಿ ಬಂದ.

ಒಂದೂವರೆ ಆಯಿತು. ನೀವು ಕೇಳಿದಿರಿ: ಊಟ ಆಯ್ತಾ?

ಚೂಡಾಮಣಿಯವರು ಕೀಬೋರ್ಡಿನ ಮೇಲೆ ಬೆರಳಿಟ್ಟು ಯೋಚಿಸಿದರು. ನಾನು ತಡೆಯಲಾರದೆ, "ಆಯ್ತು ಅಂದ್ಬಿಡಿ ಮೇಡಂ, ಎಲ್ಲರೂ ಹಾಗೇ ಅನ್ನೋದು" ಅಂದೆ.

"ಆಗಿಲ್ವಲ್ಲಮ್ಮ!"

"ಯಾರಿಗೂ ಆಗಿರಲ್ಲ ಮೇಡಂ. ಆದ್ರೂ ಆಯ್ತು ಅಂತೀವಿ. ಇಲ್ಲ ಅಂದ್ರೆ ಅವರು ಬಡಿಸೋಕೆ ಏಳ್ಬೇಕಾಗತ್ತೆ, ಪಾಪ."

"ಬೆಳಗ್ಗೆಯಿಂದ ರೈಲಲ್ಲಿ ಒಂದು ಬಾಳೆಹಣ್ಣು ತಿಂದಿದೀನಿ. ಅದನ್ನ ಊಟ ಅಂತ ಹ್ಯಾಗೆ ಬರೀಲಿ? ಆಗಿಲ್ಲ ಅಂದ್ರೆ ಆಗಿಲ್ಲ." ಎಂದವರೇ, ಇಲ್ಲ ಎಂದು ಒತ್ತಿಬಿಟ್ಟರು.

ತಾತ, ನೂರರವತ್ತು ವರ್ಷಕ್ಕೂ ಮೇಲೆ ಆ ಪ್ರಶ್ನೆಗೆ ನಮ್ಮ ಮನೆಯವರಾಗಲಿ, ಬಂದುಹೋದವರಾಗಲಿ, ಹರಿಹರದ ಪೆಟ್ಟಿಗೆಯಾಗಲಿ ಇಲ್ಲ ಎಂದದ್ದಿಲ್ಲ. ಹೊಟ್ಟೆ ಗುರ್ ಅನ್ನುತ್ತಿದ್ದರೂ ಈಗ ತಾನೇ ಆಯ್ತು ಅನ್ನುವ ಜನ ನಾವು. ಪರದೆ ಕಪ್ಪಾಯಿತು. ಮುಗಿಯಿತು, ಪೆಟ್ಟಿಗೆ ಸತ್ತಿತು ಎಂದುಕೊಂಡೆ. ಆಮೇಲೆ ಒಂದೊಂದೇ ಅಕ್ಷರ, ಅವಸರವಿಲ್ಲದೆ, ಮೇಲಿನಿಂದ ಮೂಡುತ್ತಾ ಬಂತು.

"ಹಾಗಾದ್ರೆ ಎದ್ದು ಬಾ ಕೊಟ್ರ. ಮನೆಯೋರನ್ನೆಲ್ಲ ಕರ್ಕೊಂಡು ಬಾ. ನಮ್ಮನೇಲೇ ಊಟ ಮಾಡೋಣ. ನೀನು ಬರೋ ತನಕ ನಾನೂ ಉಣ್ಣಲ್ಲ. ಬಂದ್ಮೇಲೆ ಯಾವುದಾದ್ರೂ ಕೀ ಒತ್ತು."

ಅಷ್ಟೇ. ಕೆಳಗೆ ಒಂದು ಚೌಕ ಮಿನುಗುತ್ತಾ ಕಾಯುತ್ತಿತ್ತು.

ಚೂಡಾಮಣಿಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಕೊಟ್ರ ಅಂದ್ರೆ ಯಾರು?" ಎಂದರು.

"ನಮ್ಮಜ್ಜರೀ" ಅಂದ ಸೋಮಲಿಂಗ. "ಮನಿಯೋರು ಅಂದ್ರ ಈಗ ನಾವಾ. ನಾನು, ನಮ್ಮವ್ವ."

"ಹಿರಿಯರು ಇನ್ನೊಂದು ಮನೆಯವರನ್ನ ಪೂರಾ ಊಟಕ್ಕೆ ಕರೆದ್ರೆ ಅದು ಸಂಬಂಧಕ್ಕೆ ಒಪ್ಪಿಗೆ. ಕಾಯ್ದೇಲಿ ಇದೆ. ಬೇರೆ ಸಹಿ ಬೇಕಾಗಿಲ್ಲ."

"ಮತ್ತೆ ಇವರು ಮನುಷ್ಯರಾ, ವೇಷಧಾರಿನಾ?" ಅಂದೆ ನಾನು. ಆ ಗಳಿಗೆಯಲ್ಲಿ ಯಾವ ಉತ್ತರ ಬಂದರೂ ಅಳುತ್ತಿದ್ದೆ.

ಚೂಡಾಮಣಿಯವರು ಪರದೆಯನ್ನೇ ನೋಡುತ್ತಾ, "ನೀನು ಬರೋ ತನಕ ನಾನೂ ಉಣ್ಣಲ್ಲ ಅನ್ನೋ ಯಂತ್ರ ನಾನು ಕಂಡಿಲ್ಲಮ್ಮ. ಯಾರೋ ಮನುಷ್ಯರೇ ಅಂದಿರೋ ಮಾತು ಇದು. ಯಾವಾಗ ಅಂದ್ರು ಅಂತ ಕಾಯ್ದೆ ಕೇಳಲ್ಲ" ಎಂದರು. ಹೊರಗಿನ ಗಾಡಿಯನ್ನು ವಾಪಸು ಕಳಿಸಿದರು. ಆಮೇಲೆ ಅನ್ನ ಇದೆಯಾ ಎಂದು ಕೇಳಿ, ಕೂತು, ಎರಡು ಸಲ ಬಡಿಸಿಕೊಂಡು ಉಂಡರು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದೂ ಹೇಳಿದರು. ಅವರನ್ನು ಯಾಕೆ ಯಾರೂ ಕರೆಯುವುದಿಲ್ಲವೆಂದು ಅರ್ಥವಾಯಿತು. ಮದುವೆಗೆ ನಾನು ಕರೆದಿದ್ದೇನೆ.

ಆದ್ದರಿಂದ ತಾತ, ಎದ್ದು ಹೋಗಿ ಸಾಲು ಸೇರಿಸಿ ಅಂದೆನಲ್ಲ, ಆ ಮಾತು ವಾಪಸು. ಒಂದು ಚುಕ್ಕಿಯನ್ನೂ ಮುಟ್ಟಬೇಡಿ. ಮುಚ್ಚಳ ಹಾಕಬೇಡಿ. ಚೀಟಿ ಇರಲಿ.

ಆದರೆ ಸಿಟ್ಟು ಹೋಯಿತೆಂದು ತಿಳಿಯಬೇಡಿ. ಈಗ ಇಮ್ಮಡಿಯಾಗಿದೆ. ವಿಚಾರ ತಿಳಿದ ಗಿರಿಜವ್ವ ಫೋನಿನಲ್ಲಿ ಏನಂದರು ಗೊತ್ತೇ? "ಭಾರಿ ಜಿಪುಣ ಇದಾನ ನಿಮ್ಮಜ್ಜ! ಇಷ್ಟು ಕಾಲ ಊಟ ಆತಾ ಊಟ ಆತಾ ಅಂತ ಬಾಯಿಮಾತಿಗೆ ಕೇಳಿದ್ದೇ ಕೇಳಿದ್ದು. ಬಾ ಅನ್ನೋ ಮಾತು ಹೊಟ್ಟಿಯಾಗ ಇಟ್ಗಂಡು ಕುಂತಿದ್ದ ನೋಡು!" ಅವರು ಹೇಳಿದ್ದು ಸರಿ. ನೀವೂ ಕೊಟ್ರಪ್ಪನವರೂ ಜನ್ಮದಲ್ಲಿ ಒಂದು ಸಲವೂ ಎದುರುಬದುರು ಕೂತು ಉಣ್ಣಲಿಲ್ಲವೆಂದು ಎರಡೂ ಮನೆಯಲ್ಲಿ ಹೇಳುತ್ತಾರೆ. ಇಲ್ಲಿ ಹತ್ತಿದರೆ ಹರಿಹರಕ್ಕೆ ಒಂದೇ ರೈಲು, ಬದಲಾಯಿಸುವುದೂ ಬೇಡ. ಸತ್ತ ಪೆಟ್ಟಿಗೆಗೆ ಜೀವ ತುಂಬಿ, ಇಲ್ಲದ ಟೆಲಿಫೋನು ಹುಟ್ಟಿಸಿ, ಆ ಗೆಳೆಯನಿಗೆ ಹೇಳಬೇಕಾದ ಒಂದು ಮಾತನ್ನು ಅದರೊಳಗೆ ಬರೆದಿಟ್ಟು ಕೂತಿರಲ್ಲ. ಅವರ ಪೆಟ್ಟಿಗೆಗೆ ಆಯ್ತು ಎನ್ನುವುದೊಂದನ್ನೇ ಕಲಿಸಿದ್ದಾರೆಂದು ನಿಮಗೆ ಗೊತ್ತಿರಲಿಲ್ಲವೇ? ಇಲ್ಲ ಎಂದು ಅವರು ಎಂದಾದರೂ ಅಂದಾರು ಎಂದು ಕಾಯುತ್ತಿದ್ದಿರೇನು? ಅಥವಾ ಅನ್ನುವುದಿಲ್ಲವೆಂಬ ಧೈರ್ಯದಿಂದಲೇ ಬರೆದಿರೇನು? ನಮ್ಮ ಜನ ನಾವು. ನನಗೆ ಎರಡನೆಯದರ ಮೇಲೆ ಅನುಮಾನ.

ಹೋಗಿ ತಾತ. ಈ ವಾರವೇ ಹೋಗಿ. ಊಟ ಆಯ್ತಾ ಎಂದು ಕೇಳಬೇಡಿ, ಕೇಳಿದರೆ ಅವರು ಆಯ್ತು ಅನ್ನುತ್ತಾರೆ. ಎಲೆ ಹಾಕಿ ಅನ್ನಿ, ಕೂತುಬಿಡಿ.

ಹರಿಹರದವರೇ ಬಂದು ಕೀ ಒತ್ತಲಿ ಎಂದು ಪೆಟ್ಟಿಗೆಯ ಮೇಲೆ ಇನ್ನೂ ಯಾರೂ ಕೈಯಿಟ್ಟಿಲ್ಲ. ಎರಡು ದಿನದಿಂದ ಒಂದೂವರೆಗೆ ಅದು ಏನೂ ಕೇಳುತ್ತಿಲ್ಲ, ಸುಮ್ಮನೆ ಮಿನುಗುತ್ತಾ ಕಾಯುತ್ತಿದೆ. ಈ ಎರಡು ದಿನ ಗಿರಿಜವ್ವನಿಗೆ, ಹರಿಹರಕ್ಕೆ ಮರಳಿದ ಸೋಮಲಿಂಗನೇ ಊಟ ಆತಾ ಎಂದು ಕೇಳಿ ಉಣಿಸಿದ್ದಾನೆ. ಮನೆಯಲ್ಲಿ ತಮ್ಮನ ಹೆಂಡತಿ ಅನ್ನಕ್ಕೆ ಎಸರಿಟ್ಟಿದ್ದಾಳೆ. ಪಾಪು ತನ್ನ ಹೆಸರಿನ ವಿಚಾರ ಕೇಳಿಕೊಳ್ಳಲು ತಲೆ ಬಾಚಿಕೊಂಡು ಕೂತಿದ್ದಾಳೆ. ನಾನು ಸ್ಟೇಷನ್ನಿನ ಮೈಕಿನ ಮುಂದೆ ಕೂತು ಇದನ್ನು ಮುಗಿಸುತ್ತಿದ್ದೇನೆ. ಸಿಗ್ನಲ್ ಬಿದ್ದಿದೆ. ಅವನೂ ಗಿರಿಜವ್ವನೂ ಊಟಕ್ಕೆ ಬರುತ್ತಿರುವ ಹರಿಹರದ ಗಾಡಿ ಎರಡನೆಯ ಪ್ಲಾಟ್‌ಫಾರ್ಮಿಗೆ ಬರುತ್ತಿದೆ, ಅದನ್ನು ಈಗ ನಾನೇ ಕೂಗಬೇಕು.

ಇಂತು, ನಿಮ್ಮ ಮೇಲೆ ಇನ್ನೂ ಸಿಟ್ಟಿರುವ
ಮುರಿಗೆಮ್ಮ